ಕೋಳಿಯ ಎರಡು ಕಣ್ಣು, ಎರಡು ಕೆಲಸ

ಜವಾರಿ ಹೇಂಟೆ ಕಾವು ಕೂತು ತೆಗೆದ ಮರಿಗೂ ಹ್ಯಾಚರಿಯ ಮಷೀನಿನಲ್ಲಿ ಒಡೆದ ಮರಿಗೂ ಬುದ್ಧಿಯಲ್ಲಿ ವ್ಯತ್ಯಾಸವಿದೆಯೇ? ಬಳ್ಳಾರಿಯಿಂದ ಗಿರಿರಾಜ, ಸ್ವರ್ಣಧಾರಾ ಮರಿ ತಂದು ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಹಿತ್ತಲಿಗೆ ಬಿಡುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಇದೆ ಎನ್ನುವುದೇ ನನ್ನ ಉತ್ತರ. ಆದರೆ ಆ ವ್ಯತ್ಯಾಸ ತಳಿಯದಲ್ಲ, ಬೆಳಕಿನದು. ಮೂರ್ನಾಲ್ಕು ಗ್ರಾಮಿನ ಮೆದುಳಿನಲ್ಲಿ ಏನು ಮಹಾ ವ್ಯತ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಕೋಳಿಯ ಮುಮ್ಮೆದುಳು ನುಣುಪಾಗಿದೆ, ನಮ್ಮದರಂತೆ ಮಡಿಕೆಗಳಿಲ್ಲ ಎಂಬುದು ನಿಜ. ಜರ್ಮನಿಯ ಲುಡ್ವಿಗ್ ಎಡಿಂಗರ್ ಅದನ್ನು ಬರೀ ಹುಟ್ಟುಗುಣದ ಯಂತ್ರ ಎಂದು ಬಗೆದದ್ದು ಸುಮಾರು ನೂರು ವರ್ಷ ಪಾಠವಾಗಿ ಉಳಿಯಿತು. 2005ರಲ್ಲಿ ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು ಹಕ್ಕಿ ಮೆದುಳಿನ ಆ ಹಳೆಯ ನಕ್ಷೆಯನ್ನೇ ತಿದ್ದಿದರು. 2016ರ ಎಣಿಕೆಯಲ್ಲಿ ಕಾಡುಕೋಳಿಯ ಮೆದುಳಿನಲ್ಲಿ ಸುಮಾರು 22 ಕೋಟಿ ನರಕೋಶಗಳು ಸಿಕ್ಕವು. ಇಲಿಗಿರುವುದು ಸುಮಾರು 20 ಕೋಟಿ.

ಈ ಮೆದುಳಿನ ಎರಡು ಹೋಳುಗಳನ್ನು ಬೆಸೆಯುವ ದಪ್ಪ ನರಸೇತುವೆ ನಮಗಿದೆ, ಕೋಳಿಗಿಲ್ಲ. ಕಣ್ಣಿನ ನರಗಳೂ ಪೂರ್ತಿ ಅಡ್ಡ ದಾಟುತ್ತವೆ. ಬಲಗಣ್ಣು ಕಂಡದ್ದು ಮುಖ್ಯವಾಗಿ ಎಡ ಹೋಳಿಗೆ, ಎಡಗಣ್ಣಿನದು ಬಲ ಹೋಳಿಗೆ. ಹೀಗಾಗಿ ಕೆಲಸವೂ ಹಂಚಿಹೋಗಿದೆ: ಕಣದಲ್ಲಿ ಒಬ್ಬರು ಭತ್ತ ತೂರುವಾಗ ಇನ್ನೊಬ್ಬರು ದನ ನುಗ್ಗದಂತೆ ಕಾಯುವ ಹಾಗೆ. ಬಲಗಣ್ಣು ಕಲ್ಲಿನಿಂದ ಕಾಳನ್ನು ಬೇರ್ಪಡಿಸುತ್ತದೆ, ಎಡಗಣ್ಣು ಮೇಲೆ ಸುಳಿಯುವ ಹದ್ದಿನ ಮೇಲೆ ನಿಗಾ ಇಡುತ್ತದೆ. ಈ ಹಂಚಿಕೆ ಗಟ್ಟಿಯಾಗುವುದು ಮೊಟ್ಟೆಯೊಳಗೇ. 21 ದಿನದ ಕಾವಿನ ಕೊನೆಯ ದಿನಗಳಲ್ಲಿ ಮರಿ ಕತ್ತು ಹೊರಳಿಸಿ ಮಲಗಿರುತ್ತದೆ. ಎಡಗಣ್ಣು ತನ್ನದೇ ಮೈಗೆ ಒತ್ತಿ ಮುಚ್ಚಿಹೋಗಿ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಹೇಂಟೆ ಮೇವಿಗೆಂದು ಎದ್ದಾಗ ಚಿಪ್ಪು ದಾಟಿದ ಬೆಳಕು ಬಲಗಣ್ಣಿಗಷ್ಟೇ ತಾಗುತ್ತದೆ, ಅದರ ನರದಾರಿಗಳು ಹೆಚ್ಚು ಕವಲೊಡೆಯುತ್ತವೆ. ಆಸ್ಟ್ರೇಲಿಯಾದ ಲೆಸ್ಲಿ ರೋಜರ್ಸ್ ಇದನ್ನು ಕಂಡುಕೊಂಡರು. ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಬೆಳಕು ಬಿಟ್ಟಾಗ ಹಂಚಿಕೆಯೇ ತಿರುವುಮುರುವಾಯಿತು.

ಮಷೀನಿನೊಳಗೆ ಸಾಮಾನ್ಯವಾಗಿ ಕತ್ತಲೆ, ಹಾಗಾಗಿ ಅಲ್ಲಿ ಈ ಹಂಚಿಕೆ ಅಷ್ಟು ಗಟ್ಟಿಯಾಗದು. ಆದರೆ ಹಿತ್ತಲಲ್ಲಿ ಮಷೀನಿನ ಮರಿ ಹದ್ದಿನ ಪಾಲಾಗುವುದು ತಾಯಿಯಿಲ್ಲದ್ದಕ್ಕೆ ಇರಬಾರದೇಕೆ ಎಂಬ ಆಕ್ಷೇಪ ಸರಿಯಾದದ್ದೇ. ತಾಯಿಯ ಎಚ್ಚರಿಕೆಯ ಕೂಗಿಗೆ ಬೆಲೆಯಿದೆ. ಆದರೆ ರೋಜರ್ಸ್, ಝುಕ್ಕಾ, ವಲೋರ್ಟಿಗಾರಾ 2004ರಲ್ಲಿ ಪರೀಕ್ಷಿಸಿದ ಎರಡೂ ಗುಂಪುಗಳ ಮರಿಗಳಿಗೆ ತಾಯಿ ಇರಲಿಲ್ಲ. ಇದ್ದ ಭೇದ ಮೊಟ್ಟೆಗೆ ಬಿದ್ದ ಬೆಳಕೊಂದೇ. ಬೆಳಕು ಕಂಡ ಮರಿಗಳು ಕಾಳು ಹೆಕ್ಕುತ್ತಲೇ ತಲೆಯ ಮೇಲೆ ಸರಿದ ಬೇಟೆಹಕ್ಕಿಯ ಆಕೃತಿಯನ್ನು ಗಮನಿಸಿದವು. ಕತ್ತಲಲ್ಲಿ ಬೆಳೆದವು ಎರಡನ್ನೂ ಒಟ್ಟಿಗೆ ನಿಭಾಯಿಸಲು ತಿಣುಕಿದವು. ಹಾಗೆಂದು ಅವು ಪೆದ್ದು ಮರಿಗಳಲ್ಲ. ಪಂಜರದಲ್ಲಿ ಬೆಳೆಯುವ ಫಾರಂ ಕೋಳಿಗೆ ಹದ್ದಿನ ಭಯವೂ ಇಲ್ಲ. ಹಿತ್ತಲಿಗೆ ಹೋಗುವ ಮರಿಗಳ ಮಾತು ಬೇರೆ. ಅಂಥವನ್ನು ತೆಗೆಯುವವರು ಕೊನೆಯ ಮೂರು ದಿನ ಮೊಟ್ಟೆಗಳಿಗೆ, ಶಾಖ ಏರದಂತೆ, ಒಂದಿಷ್ಟು ಬೆಳಕು ಕೊಟ್ಟು ನೋಡಲಿ. ಖರ್ಚು ಒಂದು ಎಲ್‌ಇಡಿ ಬಲ್ಬಿನದು.