ಒಂದೇ ಬಾವಿಯ ನೀರು, ಎರಡು ಮನೆ

ತೋಟಕ್ಕೆ ಕೊಳೆರೋಗ ಬಂದಾಗ ನಾವು ಗೊನೆಯನ್ನು ಮಾತ್ರ ನೋಡುವುದಿಲ್ಲ. ಮಳೆ ಎಷ್ಟಾಯಿತು, ಬಸಿಗಾಲುವೆ ಕಟ್ಟಿಕೊಂಡಿದೆಯೇ, ಬೋರ್ಡೋ ದ್ರಾವಣ ಹೊಡೆಯಲು ಸಕಾಲಕ್ಕೆ ಆಳು ಸಿಕ್ಕಿದನೇ ಎಂದೆಲ್ಲ ವಿಚಾರಿಸುತ್ತೇವೆ. ಮನುಷ್ಯರ ರೋಗವನ್ನೂ ಹೀಗೆ ನೆಲ, ನೀರು, ದುಡಿಮೆಗಳ ಜೊತೆಗಿಟ್ಟು ನೋಡುವ ಸಂಶೋಧಕರನ್ನು ತಯಾರು ಮಾಡುವುದು ಒಂದು ಪ್ರತ್ಯೇಕ ವಿದ್ಯೆ. ಪ್ರಶ್ನಾವಳಿ ಹಿಡಿದು ಅವರು ಬರುವುದು ನಮ್ಮಂಥವರ ಅಂಗಳಕ್ಕೇ ಆದ್ದರಿಂದ ಬೆಳೆಗಾರ ಬಂಧುಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಬಾಗಲಕೋಟೆ ಜಿಲ್ಲೆಯನ್ನು ತೆಗೆದುಕೊಳ್ಳೋಣ. ಅದು ಅಡಿಕೆಯ ಸೀಮೆಯಲ್ಲ, ಜೋಳದ ಸೀಮೆ. ಬಾದಾಮಿಯದು ಕೆಂಪು ಮರಳುಗಲ್ಲು. ಹುನಗುಂದ, ಇಳಕಲ್ಲಿನ ಕಡೆ ಹೋದರೆ ಗ್ರಾನೈಟ್. ಗ್ರಾನೈಟಿನ ಕೆಲವು ಖನಿಜಗಳಲ್ಲಿರುವ ಫ್ಲೋರೈಡ್, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಹುನಗುಂದ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಈ ಮಿತಿ ದಾಟಿರುವುದು ಕಂಡುಬಂದಿದೆ. ಮಕ್ಕಳ ಹಲ್ಲಿಗೆ ಕಂದು ಕಲೆ, ವರ್ಷಾನುಗಟ್ಟಲೆ ಕುಡಿದ ದೊಡ್ಡವರಿಗೆ ಬೆನ್ನು, ಕೀಲುಗಳ ಬಿಗಿತ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಇಷ್ಟನ್ನು ಪ್ರಯೋಗಾಲಯ ಹೇಳೀತು. ಆದರೆ ಒಂದೇ ಬಾವಿಯ ನೀರು ಕುಡಿದ ಎರಡು ಮನೆಗಳಲ್ಲಿ ಒಂದಕ್ಕೆ ಬಾಧೆ ಹೆಚ್ಚೇಕೆ? ಊಟದಲ್ಲಿ ಹಾಲು ಮೊಸರು ಉಂಟೇ? ಸುಣ್ಣದ ಅಂಶ ಕಡಿಮೆಯಾದ ದೇಹಕ್ಕೆ ಫ್ಲೋರೈಡಿನ ಪೆಟ್ಟು ಜೋರು. ಕಲ್ಲುಗಣಿಯ ಬಿಸಿಲಿನಲ್ಲಿ ದುಡಿಯುವವನು ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ? ದೂರದಿಂದ ಒಳ್ಳೆಯ ನೀರು ಹೊತ್ತು ತರುವವರು ಆ ಮನೆಯಲ್ಲಿ ಇದ್ದಾರೆಯೇ? ಕುಣಿಮಗ್ಗದಲ್ಲಿ ದಿನವಿಡೀ ಕುಳಿತು ಸೀರೆ ನೇಯುವ ಇಳಕಲ್ಲಿನ ನೇಕಾರನ ಬೆನ್ನುನೋವು ನೀರಿನದೋ, ಮಗ್ಗದ್ದೋ? ಗಣಿ ಕೆಲಸಗಾರನ ಕೆಮ್ಮು ಕ್ಷಯವೋ, ಕಲ್ಲುಪುಡಿಯದೋ? ಇವನ್ನು ಬೇರ್ಪಡಿಸಲು ವೈದ್ಯ, ಭೂವಿಜ್ಞಾನಿ, ಸಮಾಜಶಾಸ್ತ್ರಜ್ಞ ಮೂವರೂ ಬೇಕು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುವಂತೆ ಮಾಡುವುದೇ ತರಬೇತಿಯ ಕಷ್ಟದ ಭಾಗ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಯಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಣೆ ನಡೆಸಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧದ ಶೀಷೆ ಕೊಟ್ಟು ಅವರನ್ನು ಹಿಂದಕ್ಕೆ ಕಳಿಸಲಾಗಿತ್ತು! ರೋಗಿಯನ್ನು ಕೇಳದೆ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗ ವಿಜ್ಞಾನ ಸಂಸ್ಥೆ 2001ರಲ್ಲಿ ಆರಂಭಿಸಿದ ಎರಡು ವರ್ಷದ ಶಿಕ್ಷಣದಲ್ಲಿಯೂ ಹೆಚ್ಚಿನ ಕಾಲ ಕಳೆಯುವುದು ಕ್ಷೇತ್ರದಲ್ಲಿಯೇ.

ಇಂಥವರು ತೋಟಕ್ಕೆ ಬಂದಾಗ ಆಳುಗಳನ್ನು ಯಜಮಾನರಿಂದ ದೂರ ಕೂರಿಸಿ ಮಾತನಾಡಿಸುತ್ತೇವೆ ಎಂದರೆ ಬೇಸರಪಡಬೇಡಿ, ಅವರಿಗೆ ಕಲಿಸಿರುವುದೇ ಹಾಗೆ. ನೀರಿನ ಮಾದರಿ ಒಯ್ದರೆ ಫಲಿತಾಂಶ ಯಾವಾಗ, ಯಾರ ಕೈಗೆ ಕೊಡುತ್ತೀರಿ ಎಂದು ಕೇಳಿ, ಬರೆಸಿಕೊಳ್ಳಿ.