‘ವಯಸ್ಸಾಯ್ತಲ್ಲ!’ ಅನ್ನುವ ಮುನ್ನ



‘ವಯಸ್ಸಾಯ್ತಲ್ಲ, ಇನ್ನು ನಿಮಗ್ಯಾಕೆ ಇದೆಲ್ಲ?’ ಹಿರಿಯರಿಗೆ ನಾವು ಪ್ರೀತಿಯಿಂದಲೇ ಹೇಳುವ ಮಾತಿದು. ಆದರೆ ವಯಸ್ಸೊಂದನ್ನೇ ನೋಡಿ ‘ಇವರಿಗೆ ಇಷ್ಟೇ ಸಾಕು, ಇವರಿಂದ ಇಷ್ಟೇ ಸಾಧ್ಯ’ ಎಂದು ತೀರ್ಮಾನಿಸುವುದೂ ಒಂದು ಬಗೆಯ ತಾರತಮ್ಯ. ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ಇದಕ್ಕೆ ‘ಏಜಿಸಂ’ ಎಂದು ಹೆಸರಿಟ್ಟರು. ಜಗತ್ತಿನ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ಬಗ್ಗೆ ಇಂಥ ಪೂರ್ವಗ್ರಹವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ.

ಇದರ ಪೆಟ್ಟು ಮೊದಲು ಬೀಳುವುದು ಆರೋಗ್ಯದ ಮೇಲೆ. ಮರೆವು ಹೆಚ್ಚಾದರೆ ಅದಕ್ಕೆ ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆ ಕಾರಣವಿರಬಹುದು. ಮಂಕಾಗಿ ಕೂರುವುದು ಖಿನ್ನತೆಯ ಲಕ್ಷಣವಿರಬಹುದು. ಇವಕ್ಕೆಲ್ಲ ಚಿಕಿತ್ಸೆಯಿದೆ. ‘ವಯಸ್ಸಿನ ಕಾಟ’ ಎಂದು ಕೈಬಿಟ್ಟರೆ ಗುಣವಾಗಬಹುದಾದ ಕಾಯಿಲೆಯೂ ಹಾಗೇ ಉಳಿಯುತ್ತದೆ.

ಊರು ಬಿಟ್ಟು ಮಕ್ಕಳೊಂದಿಗೆ ಮುಂಬೈ, ದೆಹಲಿ ಸೇರಿದ ಹಿರಿಯರಿಗೆ ಭಾಷೆಯ ತೊಡಕೂ ಇದೆ. ಆಸ್ಪತ್ರೆಯಲ್ಲಿ ಪ್ರಶ್ನೆ ಮಗನಿಗೆ, ಉತ್ತರವೂ ಮಗನದೇ. ನೋವು ಮಾತ್ರ ಅಮ್ಮನದು! ಅಮ್ಮನ ಮಾತನ್ನು ಪೂರ್ತಿ ಕೇಳಿ, ಅದನ್ನೇ ಡಾಕ್ಟರಿಗೆ ತಿಳಿಸಿ. ನಮ್ಮ ಊಹೆ ಬೆರೆಸುವುದು ಬೇಡ.

ಪದೇ ಪದೇ ‘ನಿಮಗೆ ಆಗಲ್ಲ’ ಎಂದು ಕೇಳಿಸಿಕೊಂಡವರು ಕ್ರಮೇಣ ಅದನ್ನೇ ನಂಬತೊಡಗುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂತು.

ನಿಯಮಗಳೂ ಬದಲಾಗುತ್ತಿವೆ. ಆರೋಗ್ಯ ವಿಮೆ ಎಲ್ಲ ವಯಸ್ಸಿನವರಿಗೂ ಸಿಗಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸೂಚಿಸಿತು. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳುವ ಹಕ್ಕನ್ನು 2007ರ ಕಾಯ್ದೆ ತಂದೆತಾಯಿಗೆ ಕೊಟ್ಟಿದೆ. ಹಿರಿಯರಿಗಾಗಿಯೇ 14567 ಎಂಬ ಉಚಿತ ಸಹಾಯವಾಣಿ ಇದೆ. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಫೋನಿನ ಪಕ್ಕ ಅಂಟಿಸಿಡಿ.

ಮನೆಯೊಳಗಿನ ಬದಲಾವಣೆಗೆ ಕಾಯ್ದೆ ಬೇಕಿಲ್ಲ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿಸುವ ಮುನ್ನ ಅದರಲ್ಲಿ ಏನಿದೆಯೆಂದು ಅಪ್ಪನಿಗೆ ಓದಿ ಹೇಳಿ. ಮೊಬೈಲನ್ನು ಕಸಿದುಕೊಂಡು ನೀವೇ ಒತ್ತುವ ಬದಲು, ನಾಲ್ಕು ಸಲ ಕೇಳಿದರೂ ಬೇಸರಿಸದೆ ಕಲಿಸಿಕೊಡಿ. ನಮಗೆ ಅಕ್ಷರ ಕಲಿಸುವಾಗ ಅವರು ಎಷ್ಟು ಸಲ ತಿದ್ದಿಸಿದ್ದರೋ, ಲೆಕ್ಕ ಇಟ್ಟವರಾರು?