ದುಬಾರಿ ಟೂಲ್ ಕೊಂಡರೆ ಡೇಟಾ ಕಳೆದುಹೋಗುವುದಿಲ್ಲವೇ?

ಹಲವು ಕಡೆಯ ಮಾಹಿತಿಯನ್ನು ಒಂದೇ ಡೇಟಾ ವೇರ್‌ಹೌಸ್‌ಗೆ ತುಂಬಲು ಯಾವ ಟೂಲ್ ಒಳ್ಳೆಯದು? ಫೈವ್‌ಟ್ರಾನ್ ಬಳಕೆ ಒಂದು ಮಿತಿ ಮೀರಿದರೆ ಹಣ ಕೊಡಬೇಕು. ಏರ್‌ಬೈಟನ್ನು ನಮ್ಮದೇ ಸರ್ವರ್‌ನಲ್ಲಿ ಉಚಿತವಾಗಿ ನಡೆಸಬಹುದು. ಆದರೆ ಬೆಲೆಗಿಂತ ಮೊದಲು ನಾವು ಕೇಳಬೇಕಾದದ್ದು: ಸಾಲುಗಳು ಬಿಟ್ಟುಹೋದರೆ ಟೂಲ್ ನಮಗೆ ತಿಳಿಸುತ್ತದೆಯೇ?

2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದವು. ಲ್ಯಾಬ್‌ಗಳ ಮಾಹಿತಿಯನ್ನು ಹಳೆಯ ಎಕ್ಸೆಲ್ ಮಾದರಿಯ ಫೈಲ್‌ಗೆ ತುಂಬುತ್ತಿದ್ದರು. ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಮಿಕ್ಕವು ಸದ್ದಿಲ್ಲದೆ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವುದೂ ತಡವಾಯಿತು.

ಹಾಗಾಗಿ ಟೂಲ್ ಯಾವುದೇ ಇರಲಿ, ಹೊರಟ ಸಾಲುಗಳೆಷ್ಟು, ಸೇರಿದವೆಷ್ಟು ಎಂದು ಪ್ರತಿಸಲ ತಾಳೆ ನೋಡೋಣ. ತಾಳೆಯಾಗದಿದ್ದರೆ ಆ ಅಂಕಿಯನ್ನು ನಂಬುವುದೂ ಬೇಡ, ಹಂಚುವುದೂ ಬೇಡ.